ಅಂಗುಳದ ಗಂಟು, ತುರುಬಿನ ಗಂಟು

ಓದುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಕೆಲವು ಸಂಗತಿಗಳು ನಾನು ಹೇಳುವ ಹಾಗೆಯೇ ನಡೆದಿರಲಿಕ್ಕಿಲ್ಲ. ಕಾಲೇಜಿನ ದಿನಗಳಿಂದ ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಆದರೆ ಆ ವರ್ಷ, ಬರೆದಿಡಲೇಬೇಕಾಗಿದ್ದ ವಾರಗಳಲ್ಲೇ ಏನೂ ಬರೆದಿಲ್ಲ. ಬರೆದ ಒಂದೆರಡು ಕಡೆಯೂ ಬಿಸಿಲು, ಗಂಜಿ, ನೋಡಲು ಬಂದುಹೋದವರ ಹೆಸರು, ಅಷ್ಟೇ. ಉಳಿದದ್ದೆಲ್ಲ ನೆನಪು, ಅದರಲ್ಲೂ ಒಂದು ಪಾಲು ಈಥರಿನ ಮಂಪರಿನಲ್ಲಿ ಆದದ್ದು. ಅದನ್ನು ಎಷ್ಟು ನಂಬಬೇಕು ಎಂದು ನನಗೇ ತಿಳಿಯುವುದಿಲ್ಲ.

ಆದರೂ ಬರೆಯುತ್ತಿದ್ದೇನೆ, ಕಾರಣವಿದೆ. ಹೋದ ತಿಂಗಳು ಮಾಯಕೊಂಡದಿಂದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ದಾವಣಗೆರೆಯ ನಮ್ಮ ಶಾಲೆಗೆ ಬಂದರು. ಅವರ ಮಗಳ ಬಾಯೊಳಗೆ ಒಂದು ಗಂಟು ಎದ್ದಿದೆ. "ನಿಮಗೂ ಆಗಿತ್ತಂತಲ್ರೀ ಟೀಚರ್" ಎಂದರು. ಮಾತು ನನ್ನ ಜೊತೆ, ಕಣ್ಣೆಲ್ಲ ನನ್ನ ತುಟಿಯ ಮೇಲೆ. ನಾನು ಕಿಟಕಿಯ ಬೆಳಕಿಗೆ ತಿರುಗಿ, ತಲೆ ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು ತೋರಿಸಿದೆ. ಅವರು ಇಣುಕಿ ನೋಡಿ, "ಏನೂ ಇಲ್ಲಲ್ರೀ ಅಲ್ಲಿ" ಎಂದು ಅಳತೊಡಗಿದರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಂದು ಪ್ರಶ್ನೆ ಕೇಳಿದರು. ಅದಕ್ಕೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಆ ಪ್ರಶ್ನೆ ಏನೆಂದು ಮುಂದೆ ಹೇಳುತ್ತೇನೆ.

ಗಂಟು ಮೊದಲು ಸಿಕ್ಕಿದ್ದು ನನ್ನ ನಾಲಿಗೆಗೆ. ಸಂಜೆ ಶಾಲೆಯಿಂದ ಬಂದು ಖಾರ ಮಂಡಕ್ಕಿ ತಿನ್ನುತ್ತಿದ್ದೆ. ಒಂದು ಕಾಳು ಅಂಗುಳಕ್ಕೆ ಅಂಟಿಕೊಂಡಂತಾಯಿತು. ನಾಲಿಗೆಯಿಂದ ಎಬ್ಬಿಸಲು ನೋಡಿದೆ, ಏಳಲಿಲ್ಲ. ನೀರು ಕುಡಿದೆ. ಕೊನೆಗೆ ಬೆರಳು ಹಾಕಿದಾಗ ಅದು ಮಂಡಕ್ಕಿಯಲ್ಲ, ನಾನೇ ಎಂದು ತಿಳಿಯಿತು. ಇದು ನನ್ನ ನೆನಪು. ಅವ್ವ ಇದನ್ನು ಒಪ್ಪುವುದಿಲ್ಲ. ಅವಳ ಪ್ರಕಾರ, ಪಾಠ ಓದುವಾಗ ನನ್ನ ದನಿ ಮೂಗಿನಲ್ಲಿ ಬರುತ್ತದೆಂದು ಮಕ್ಕಳು ನಗುತ್ತಾರೆ ಎಂದು ನಾನು ಮೊದಲು ಬೇಸರ ಮಾಡಿಕೊಂಡೆನಂತೆ, ಬಾಯಿ ನೋಡಿದ್ದು ಆಮೇಲಂತೆ. ಎರಡೂ ನಿಜವಿರಬಹುದು. ಆದರೆ ಯಾವುದು ಮೊದಲು ಎಂದು ನಾವಿಬ್ಬರೂ ಈಗಲೂ ವಾದ ಮಾಡುತ್ತೇವೆ.

"ಬಾಯಿ ತೆಗಿ, ನೋಡಾಣ" ಎಂದು ಅವ್ವ ಅಪ್ಪನ ಬ್ಯಾಟರಿ ಹಿಡಿದು ನೋಡಿದಳು. "ನೋವು ಐತೇನು?"

"ಇಲ್ಲ."

"ನೋವಿಲ್ಲ ಅಂದ್ಮೇಲೆ ಅದು ರೋಗ ಹೆಂಗಾಗ್ತೈತೆ? ಉಷ್ಣ ಅದು. ಆ ಮೈಸೂರು ಹಾಸ್ಟೆಲಿನ ಊಟದ ಉಷ್ಣ ಈಗ ಹೊರಗೆ ಬರ್ತೈತೆ."

ಹಾಸ್ಟೆಲು ಬಿಟ್ಟು ಬಿ.ಎ. ಮುಗಿಸಿ ಮೂರು ವರ್ಷವಾಗಿತ್ತು. ಆದರೂ ಜೀರಿಗೆ ನೀರು, ತುಪ್ಪ, ಹುಳಿಯಿಲ್ಲದ ಮಜ್ಜಿಗೆ ಎಲ್ಲ ಆಯಿತು. ಗಂಟು ತನ್ನ ಪಾಡಿಗೆ ತಾನು ಬೆಳೆಯಿತು. ಬಟಾಣಿಯಷ್ಟಿದ್ದದ್ದು ಅಡಿಕೆಯಷ್ಟಾಯಿತು. ನನ್ನನ್ನು ಹೆಚ್ಚು ಗೊಂದಲಕ್ಕೆ ಕೆಡವಿದ್ದು ಅದರ ಸುಮ್ಮನಿರುವಿಕೆ. ಉರಿಯಲಿಲ್ಲ, ಕೀವಾಗಲಿಲ್ಲ, ರಕ್ತ ಬರಲಿಲ್ಲ. ನಾಲಿಗೆ ಮಾತ್ರ ದಿನವೆಲ್ಲ ಅದನ್ನು ಸವರುತ್ತಿತ್ತು. ಪಾಠ ಮಾಡುವಾಗ, ಬಸ್ಸಿಗೆ ಕಾಯುವಾಗ, ಯಾರಾದರೂ ಮಾತಾಡಿಸಿದಾಗ. ಒಮ್ಮೊಮ್ಮೆ ಅದು ಕರಗಿದೆ ಎನ್ನಿಸುತ್ತಿತ್ತು, ಮರುಕ್ಷಣ ಎರಡರಷ್ಟಾಗಿದೆ ಎನ್ನಿಸುತ್ತಿತ್ತು.

ಹಬ್ಬಕ್ಕೆ ಹರಿಹರದಿಂದ ನೀಲತ್ತೆ ಬಂದಳು. ನೀಲತ್ತೆ ಎಂದರೆ ಅಪ್ಪನ ಅಕ್ಕ, ಮಕ್ಕಳಿಲ್ಲದವಳು, ಗಂಡ ತೀರಿಕೊಂಡ ಮೇಲೂ ಹರಿಹರದ ಮನೆ ಬಿಟ್ಟು ಬಾರದವಳು. ಅವಳ ಬಾಯಲ್ಲಿ ಸದಾ ಎಲೆ, ಅಡಿಕೆ, ಹೊಗೆಸೊಪ್ಪು. ನನ್ನ ಗದ್ದ ಹಿಡಿದೆತ್ತಿ ನೋಡಿದವಳು ಒಂದು ಗಳಿಗೆ ಅಗಿಯುವುದನ್ನೇ ನಿಲ್ಲಿಸಿದಳು.

"ಹೊಗೆಸೊಪ್ಪು ಹಾಕೋಳು ನಾನು. ಬಂದ್ರೆ ನನ್ನ ಬಾಯಾಗ ಬರ್ಬೇಕಿತ್ತು. ಈ ಕೂಸಿನ ಬಾಯಾಗ ಯಾಕ ಬಂತು?" ಎಂದು ಅಪ್ಪನ ಕಡೆ ತಿರುಗಿದಳು. "ಏನೋ ತಮ್ಮಾ, ಹತ್ತಿ ಅಂಡಿಗೆ ಆದ್ರೆ ಬಿಚ್ಚಿ ನೋಡ್ತಿದ್ದಿ. ಮಗಳ ಬಾಯಿ ನೋಡೋಕೆ ಪುರುಸೊತ್ತಿಲ್ಲೇನು ನಿನಗೆ?"

ಅಪ್ಪ ಹತ್ತಿಯ ವ್ಯಾಪಾರಿ. ಪೇಟೆಯಲ್ಲಿ ಯಾರ ಮಾತಿಗೂ ಬಗ್ಗದವರು, ಅಕ್ಕನೆದುರು ಮಾತ್ರ ಅಂಗಿಯ ಗುಂಡಿ ನೋಡಿಕೊಂಡು ಕೂರುತ್ತಿದ್ದರು. ಮರುದಿನವೇ ಅಪ್ಪ, ಅತ್ತೆ, ನಾನು ಮೂವರೂ ಹರಿಹರದ ರೈಲು ಹತ್ತಿದೆವು, ಅತ್ತೆ ನಂಬುತ್ತಿದ್ದ ಒಬ್ಬ ಡಾಕ್ಟರು ಅಲ್ಲಿದ್ದರು.

ಅವರ ದವಾಖಾನೆಯ ಜಗುಲಿಯಲ್ಲಿ ಒಂದೇ ಬೆಂಚು. ಕೆಮ್ಮುವವರು, ಕೈ ಮುರಿದುಕೊಂಡವರು, ಮಡಿಲಲ್ಲಿ ಮಗು ಇಟ್ಟುಕೊಂಡವರು. ಎಲ್ಲರ ಕಾಯಿಲೆಯೂ ಹೊರಗೆ ಕಾಣುತ್ತಿತ್ತು, ನನ್ನದೊಂದು ಬಿಟ್ಟು. ಪಕ್ಕದಲ್ಲಿದ್ದ ಅಜ್ಜಿ ನನ್ನನ್ನು ಮೇಲೆ ಕೆಳಗೆ ನೋಡಿ, "ಎಷ್ಟು ತಿಂಗಳವ್ವಾ?" ಎಂದು ಕೇಳಿತು. ಅತ್ತೆ ನಕ್ಕುಬಿಟ್ಟಳು. ಹೆದರಿಕೆಯ ನಡುವೆ ನಾನೂ ನಕ್ಕೆ. ಆ ದಿನದ ದಯೆ ಎಂದರೆ ಆ ಅಜ್ಜಿಯ ತಪ್ಪು ಊಹೆ.

ಡಾಕ್ಟರು ಔಷಧದ ರುಚಿಯ ಬೆರಳಿನಿಂದ ಗಂಟನ್ನು ಎರಡು ಕಡೆಯಿಂದ ಒತ್ತಿ ನೋಡಿದರು. ನಾನು ಬಿ.ಎ. ಎಂದು ತಿಳಿದದ್ದೇ, ಹೇಳಬೇಕಾದದ್ದನ್ನೆಲ್ಲ ನನಗೇ ಇಂಗ್ಲಿಷಿನಲ್ಲಿ ಹೇಳಿದರು. ಅಪರೂಪದ್ದು, ಅಂಗುಳದ ಸಣ್ಣ ಜೊಲ್ಲುಗ್ರಂಥಿಗಳಲ್ಲಿ ಹುಟ್ಟುವಂಥದ್ದು, ಬಹುಶಃ ಬಿನೈನ್. ಆದರೆ ತೆಗೆದು ಪರೀಕ್ಷೆ ಮಾಡುವ ತನಕ ಯಾರೂ ಖಾತ್ರಿ ಕೊಡಲಾರರು. ದಾವಣಗೆರೆಯಲ್ಲೇ ಆಪರೇಷನ್ ಮಾಡಬಲ್ಲವರಿದ್ದಾರೆ, ತಡ ಮಾಡಬೇಡಿ.

"ಏನಂದ್ರವ್ವಾ?" ಅಪ್ಪ ಕೇಳಿದರು.

ನನ್ನ ಕಾಯಿಲೆಯನ್ನು ನಾನೇ ಅನುವಾದ ಮಾಡಬೇಕಾಗಿ ಬಂತು. ಬಿನೈನ್ ಎಂಬ ಪದವನ್ನು ನಾನು ಇಂಗ್ಲಿಷ್ ಕವಿತೆಗಳಲ್ಲಿ ಕಂಡಿದ್ದೆ. ದೊರೆಯ ನಗೆಗೋ, ವಸಂತದ ಗಾಳಿಗೋ ಹೇಳುವ ಮಾತು. ಗಂಟಿಗೆ ಕನ್ನಡದಲ್ಲಿ ಏನೆನ್ನುತ್ತಾರೋ ತಿಳಿಯಲಿಲ್ಲ. "ಸೌಮ್ಯ ಸ್ವಭಾವದ ಗಡ್ಡೆ ಇರಬಹುದಂತೆ" ಎಂದೆ.

"ಗಡ್ಡೆಗೂ ಸ್ವಭಾವ ಇರ್ತೈತೇನೇ?" ಎಂದರು ಅಪ್ಪ. ಆಮೇಲೆ ನನ್ನ ಕಡೆ ಬಾಗಿ, "ಸೌಮ್ಯ ಅಲ್ದಿದ್ರೆ?" ಎಂದರು. ಅದನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲಿ ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳದೆಯೇ ಗೊತ್ತಿತ್ತು. ನಮ್ಮ ಓಣಿಯ ಕೊನೆಯ ಮನೆಯ ಯಜಮಾನರು ಬಾಯಿಯ ಹುಣ್ಣಿನಿಂದ ಹೋದದ್ದನ್ನು ನಾವೆಲ್ಲ ನೋಡಿದ್ದೆವು.

ದಾವಣಗೆರೆಯ ಆಸ್ಪತ್ರೆ ಸೇರಿದ ದಿನದ ಬಗ್ಗೆ ನನಗೆ ನೆನಪಿರುವುದು ಬಹಳ ಕಡಿಮೆ. ಆಪರೇಷನ್ನಿನ ಬೆಳಗ್ಗೆ ಮಾತ್ರ ಕಣ್ಣಿಗೆ ಕಟ್ಟಿದಂತಿದೆ, ಅಥವಾ ಹಾಗೆಂದು ನಾನು ತಿಳಿದಿದ್ದೇನೆ. ಸಿಸ್ಟರ್ ಮಂಗಳೂರಿನ ಕಡೆಯವರು. ಬಳೆ, ಓಲೆ ಎಲ್ಲ ತೆಗೆಸಿದ ಮೇಲೆ ನನ್ನ ಕೊರಳಿನತ್ತ ಕೈ ತೋರಿದರು.

"ಆ ದಾರ ಕೂಡ ತೆಗೆಯಿರಿ. ಮೈಮೇಲೆ ಒಂದೂ ಇರಬಾರದು."

"ಅದು ಬರೀ ದಾರ ಅಲ್ರಿ ಸಿಸ್ಟರ್, ಲಿಂಗ ಐತೆ" ಎಂದಳು ಅವ್ವ.

"ಗೊತ್ತುಂಟು. ನಿಮ್ಮ ಕೈಯಲ್ಲಿ ಇಟ್ಟುಕೊಳ್ಳಿ. ಮುಗಿದ ಕೂಡಲೇ ಹಾಕುವ."

"ಮೈ ಬಿಟ್ಟು ತೆಗಿಯಂಗಿಲ್ರಿ. ಬೇಕಾದ್ರೆ ತಾಳಿ ತೆಗೀತಿದ್ವಿ, ಇವಳಿಗೆ ಅದೂ ಇಲ್ಲ. ಇದೊಂದು ಬ್ಯಾಡ್ರಿ."

ಹುಟ್ಟಿದಾಗ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲಿರಬೇಕು. ಬಿದ್ದು ಭಿನ್ನವಾದರೆ ಕಟ್ಟಿಕೊಂಡವರು ಉಳಿಯಬಾರದು ಎನ್ನುವಷ್ಟು ಕಟ್ಟುನಿಟ್ಟು ನಮ್ಮ ಹಳಬರದು. ಮೈಸೂರಿನಲ್ಲಿ ಗೆಳತಿಯರು ಕೇಳಿದರೆ ನಾನು ಅದೊಂದು ಸಂಕೇತ ಎಂದು ದೊಡ್ಡದಾಗಿ ವಿವರಿಸುತ್ತಿದ್ದೆ. ಆ ಬೆಳಗ್ಗೆ ನನ್ನ ಕೈ ಲಿಂಗವಿದ್ದ ಪುಟ್ಟ ಕರಡಿಗೆಯನ್ನು ಹಿಡಿದುಕೊಂಡಿತ್ತು, ಬಿಡಲೊಲ್ಲದು. ಗಂಟು ಸಿಕ್ಕಂದಿನಿಂದ ಅಳದಿದ್ದ ನಾನು ಆಗ ಅತ್ತುಬಿಟ್ಟೆ. ಯಾಕೆಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ನಂಬಿದ್ದೆನೇ? ನಂಬದಿದ್ದರೆ ಕೈ ಯಾಕೆ ಬಿಡಲಿಲ್ಲ?

ತೋಳಿಗೆ ಕಟ್ಟೋಣವೆಂದರೆ ಅಲ್ಲಿ ಸೂಜಿ ಚುಚ್ಚಬೇಕು ಎಂದರು ಸಿಸ್ಟರ್. ಆಗ ನೀಲತ್ತೆ ಮುಂದೆ ಬಂದಳು.

"ಗಂಡಸ್ರು ತಲೆ ಮ್ಯಾಲಿನ ರುಮಾಲಿನಾಗ ಇಟ್ಕೊಳ್ಳೋದಿಲ್ಲೇನು? ಇವಳಿಗೆ ರುಮಾಲು ಯಾಕ ಬೇಕು, ಇಷ್ಟುದ್ದ ಕೂದ್ಲು ಐತೆ. ತುರುಬಿನಾಗ ಕಟ್ತೀನಿ."

ಸಿಸ್ಟರಿಗೆ ನಗು ಬಂತು. "ಟೊಪ್ಪಿ ಹಾಕ್ತೇನೆ. ಡಾಕ್ಟರಿಗೆ ನಾನು ಹೇಳುವುದಿಲ್ಲ, ನೀವೂ ಹೇಳಬೇಡಿ ಮಾರಾಯ್ತಿ."

ಅತ್ತೆ ಕರಡಿಗೆಯಿಂದ ಲಿಂಗ ತೆಗೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ನನ್ನ ತುರುಬಿನೊಳಗಿಟ್ಟು ಬಿಗಿಯಾಗಿ ಕಟ್ಟಿದಳು. ಖಾಲಿ ಕರಡಿಗೆ ಅವ್ವನ ಸೆರಗಿನ ಗಂಟಿಗೆ ಹೋಯಿತು. ಹೀಗೆ ಬಾಯಲ್ಲೊಂದು ಗಂಟು, ಹಿಂದಲೆಯಲ್ಲೊಂದು ಗಂಟು ಹೊತ್ತುಕೊಂಡು ನಾನು ಒಳಗೆ ಹೋದೆ.

ಅಂಗುಳದ ಆಪರೇಷನ್ನಿಗೆ ತಲೆಯನ್ನು ಬಹಳ ಹಿಂದಕ್ಕೆ ಬಾಗಿಸಬೇಕು. ಬಾಗಿಸಿದಷ್ಟೂ ತುರುಬಿನ ಗಂಟು ಒತ್ತುತ್ತಿತ್ತು. "ತಲೆ ಸರಿಯಾಗಿ ಕೂರುತ್ತಿಲ್ಲ" ಎಂದು ಒಂದು ಗಂಡುದನಿ. ಹಿಂದಲೆಯಲ್ಲಿ ಯಾರದೋ ಬೆರಳುಗಳು. ಆಮೇಲೆ ಈಥರಿನ ಸಿಹಿ ವಾಸನೆ, ಹತ್ತಿ ಗಿರಣಿಯಂಥ ಸದ್ದು ಕಿವಿಯೊಳಗೆ. ಆ ಸದ್ದಿನ ಆಚೆ ಇನ್ನೊಂದು ಸದ್ದು. ಗಟ್ಟಿಯಾದ ಸಣ್ಣದೊಂದು ವಸ್ತು ನೆಲಕ್ಕೆ ತಾಗಿದಂಥದ್ದು. ಕತ್ತರಿಯೋ ಇಕ್ಕಳವೋ ತಟ್ಟೆಗೆ ಬಿದ್ದಿರಬಹುದು. ಅಂಥ ಕೋಣೆಯಲ್ಲಿ ಬೀಳುವ ವಸ್ತುಗಳಿಗೇನು ಕಡಿಮೆ? ಅದೂ ಅಲ್ಲದೆ ಅಷ್ಟು ಹೊತ್ತಿಗೆ ನನಗೆ ಎಚ್ಚರವಿತ್ತೋ ಇಲ್ಲವೋ.

ಎಚ್ಚರವಾದಾಗ ಬಾಯಿ ತುಂಬ ಬಟ್ಟೆ. ಕೂದಲು ಬಿಚ್ಚಿ ಜಡೆ ಹಾಕಿತ್ತು. ಕೊರಳಲ್ಲಿ ಕರಡಿಗೆ ಇತ್ತು. ಕೈಯಾಡಿಸಿ ಅದು ಮುಚ್ಚಿರುವುದನ್ನು ನೋಡಿಕೊಂಡು ಮತ್ತೆ ನಿದ್ದೆ ಹೋದೆ. ಅವ್ವ ಅಲ್ಲಿಯವರೆಗೂ ನೀರು ಕುಡಿದಿರಲಿಲ್ಲವಂತೆ.

ತೆಗೆದ ಗಂಟನ್ನು ಔಷಧದ ನೀರಿನ ಬಾಟಲಿಯಲ್ಲಿ ಹಾಕಿ ಅಪ್ಪನ ಕೈಗೆ ಕೊಟ್ಟರು. ಅದನ್ನು ಬೆಂಗಳೂರಿಗೆ ಒಯ್ದು ಪರೀಕ್ಷೆ ಮಾಡುವವರಿಗೆ ಮುಟ್ಟಿಸಬೇಕು. ಅಪ್ಪ ಅದನ್ನು ಟವೆಲಿನಲ್ಲಿ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರಂತೆ. ಎದುರಿಗೆ ಕೂತವರು, "ಉಪ್ಪಿನಕಾಯಿ ಏನ್ರೀ ಸಾವ್ಕಾರ್ರೆ? ಮಗಳ ಮನೆಗೇನು?" ಎಂದು ಕೇಳಿದರಂತೆ. "ಹೌದ್ರಿ, ಮಗಳದ್ದೇ ಇದು" ಎಂದು ಹೇಳಿ ಅಪ್ಪ ಕಿಟಕಿಯ ಕಡೆ ತಿರುಗಿದರಂತೆ. ಈ ಕತೆಯನ್ನು ಅವರು ಈಗ ನಗುತ್ತ ಹೇಳುತ್ತಾರೆ. ಆಗ ಒಂದು ಮಾತೂ ಹೇಳಿರಲಿಲ್ಲ.

ಫಲಿತಾಂಶ ಬರುವ ತನಕ ಕಾಯುವುದು ಬಿಟ್ಟು ಕೆಲಸವಿರಲಿಲ್ಲ. ಆಸ್ಪತ್ರೆಯಿಂದ ಬಿಟ್ಟ ಮೇಲೆ ನನ್ನನ್ನು ಹರಿಹರಕ್ಕೆ, ಅತ್ತೆಯ ಮನೆಗೆ ಕರೆದೊಯ್ದರು. ದಾವಣಗೆರೆಯ ಮನೆಯಲ್ಲಿ ನೋಡಲು ಬರುವವರ ಕಾಟ. ಬಂದವರೆಲ್ಲ ನನ್ನ ಬಾಯಿ ನೋಡಬೇಕೆನ್ನುತ್ತಿದ್ದರು, ಒಬ್ಬರು ಕನ್ನಡಕ ಮನೆಯಲ್ಲಿ ಮರೆತೆನೆಂದು ಮರುದಿನ ಮತ್ತೆ ಬಂದಿದ್ದರು. ಅಂಗುಳ ಮಾಗುವವರೆಗೆ ಮಾತಾಡಬಾರದೆಂದು ಡಾಕ್ಟರು ಹೇಳಿದ್ದರು. ತೂತು ಉಳಿದರೆ ಕುಡಿದ ಗಂಜಿ ಮೂಗಿನಲ್ಲಿ ಬರುತ್ತದೆ, ಪಾಠ ಹೇಳುವುದು ಮುಗಿದ ಹಾಗೆಯೇ. ಹಾಗಾಗಿ ನಾನು ಶಾಲೆಯ ಮಗುವಿನಂತೆ ಸ್ಲೇಟು ಹಿಡಿದೆ. ಅವ್ವನಿಗೆ ಓದು ಬರುವುದಿಲ್ಲ. ಅವಳ ಜೊತೆ ಕೈಸನ್ನೆ. ಅತ್ತೆ ಮಾತ್ರ ಒಂದೊಂದೇ ಅಕ್ಷರ ಕೂಡಿಸಿ, ತುಟಿ ಆಡಿಸಿ ಓದುತ್ತಿದ್ದಳು.

ನಾಲಿಗೆ ಆ ದಿನಗಳಲ್ಲಿ ದಿಕ್ಕು ತಪ್ಪಿದಂತಾಗಿತ್ತು. ಸವರಲು ಹೋದರೆ ಅಲ್ಲಿ ಗಂಟಿಲ್ಲ, ಒಂದು ಹಸಿ ತಗ್ಗು. ತಿಂಗಳುಗಟ್ಟಲೆ ಹಾಳಾಗಿ ಹೋಗಲೆಂದು ಬಯಸಿದ್ದನ್ನು ಈಗ ಹುಡುಕುತ್ತಿತ್ತು.

ಮೊದಲ ಸಲ ಸ್ನಾನ ಮಾಡಿ ಲಿಂಗಪೂಜೆಗೆ ಕೂತದ್ದು ಹರಿಹರದಲ್ಲೇ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಹಚ್ಚಲು ಹೋದೆ. ಹೆಬ್ಬೆರಳು ತಾನಾಗಿ ಅಂಚಿಗೆ ಹೋಯಿತು. ಅಲ್ಲಿ ಮೊದಲಿನಿಂದ ಒಂದು ಸಣ್ಣ ತಗ್ಗಿತ್ತು, ಕಪ್ಪು ಲೇಪದಲ್ಲಿ, ಉಗುರು ಕೂರುವಷ್ಟು. ಚಿಕ್ಕಂದಿನಿಂದ ಪೂಜೆಯ ಹೊತ್ತಿನಲ್ಲಿ ನನ್ನ ಹೆಬ್ಬೆರಳು ಅದರಲ್ಲಿ ಕೂರುತ್ತಿತ್ತು. ಈಗ ಸಿಗಲಿಲ್ಲ. ಸುತ್ತಲೂ ನುಣ್ಣಗೆ. ತಿರುಗಿಸಿ ಮತ್ತೆ ನೋಡಿದೆ.

ಆಪರೇಷನ್ನಿನ ಮೇಲೆ ಎಷ್ಟೋ ದಿನ ಜ್ವರದಲ್ಲಿದ್ದವಳ ಬೆರಳು. ಬಾಯೊಳಗಿನ ಗಂಟಿನ ಅಳತೆಯನ್ನೇ ದಿನಕ್ಕೊಂದು ಥರ ಹೇಳುತ್ತಿದ್ದವಳ ಬುದ್ಧಿ. ಇವೆರಡನ್ನೂ ಹೇಗೆ ನಂಬಲಿ? ತಗ್ಗು ಇದ್ದದ್ದು ನಿಜವೋ, ಇತ್ತೆಂದು ಈಗ ಅನ್ನಿಸುತ್ತಿರುವುದೋ? ಅವ್ವನಿಗೆ ಸನ್ನೆಯಲ್ಲಿ ಕೇಳಲಾಗದ ಸಂಗತಿ ಇದು. ಸ್ಲೇಟಿನ ಮೇಲೆ "ಇದು ನನ್ನದೇ ಏನು?" ಎಂದು ಬರೆದು ಅತ್ತೆಯ ಮುಂದೆ ಹಿಡಿದೆ.

ಅತ್ತೆ ಓದಿದಳು. ಅಷ್ಟು ಚಿಕ್ಕ ಸಾಲಿಗೆ ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಸೆರಗಿನಿಂದ ಸ್ಲೇಟನ್ನು ಒರೆಸಿ ನನ್ನ ತೊಡೆಯ ಮೇಲಿಟ್ಟು, "ಗಂಜಿ ಆರ್ತೈತೆ, ಕುಡಿ" ಎಂದಳು.

ಅಪ್ಪ ಬಂದ ದಿನ ಅವ್ವ, ಅತ್ತೆ, ನಾನು ಮೂವರೂ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಅವರು ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ನಿಂತರು. ಬೆಂಗಳೂರಿನಿಂದ ಡಾಕ್ಟರಿಗೆ ಉತ್ತರ ಬಂದಿತ್ತು.

"ಸುಶೀಲಾ, ನಿನ್ನದು ಸೌಮ್ಯ ಸ್ವಭಾವದ್ದಂತವ್ವಾ."

"ಅಂದ್ರೆ?" ಎಂದಳು ಅವ್ವ.

"ಅಂದ್ರೆ ಉಳೀತಾಳೆ."

ಅವ್ವ ಹುಣಸೆಹಣ್ಣಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಅಪ್ಪ ಹೊಸ್ತಿಲ ಮೇಲೆ ಕೂತುಬಿಟ್ಟರು. ನನಗೆ ಖುಷಿಯಾಗಬೇಕಿತ್ತು, ಆದರೆ ಏನಾಯಿತೆಂದು ನೆನಪಿಲ್ಲ, ನೆನಪಿರುವುದು ಅತ್ತೆ. ಅವಳು ಎದ್ದು ಒಳಗೆ ಹೋಗಿ ಎಲೆಚೀಲ ತಂದು, ಅದರೊಳಗಿನ ಹೊಗೆಸೊಪ್ಪನ್ನೆಲ್ಲ ಬಚ್ಚಲಿಗೆ ಸುರಿದು ನೀರು ಹೊಯ್ದಳು. ಅವತ್ತಿನಿಂದ ಮುಟ್ಟಿಲ್ಲ. ಯಾಕೆಂದು ಯಾರಿಗೂ ಹೇಳಿಲ್ಲ.

ಅಂಗುಳ ಮಾಗಿತು, ತೂತು ಉಳಿಯಲಿಲ್ಲ. ಈಗ ಅಲ್ಲಿ ಒಂದು ಸಣ್ಣ ಇಳಿಜಾರಿದೆ, ಬಿಸಿ ಕಾಫಿ ಕುಡಿದರೆ ಚುರುಕ್ಕೆನ್ನುತ್ತದೆ. ಕೆಲವು ಅಕ್ಷರಗಳಿಗೆ ಸ್ವಲ್ಪ ಹೆಚ್ಚು ಗಾಳಿ ಬೇಕಾಗುತ್ತದೆ, ಮಕ್ಕಳಿಗೆ ಗೊತ್ತಾಗುವುದಿಲ್ಲ. ಬೇರೆಯವರಿಗೆ ನಾನು ಹೇಳಬಲ್ಲದ್ದು ಇಷ್ಟು. ಗಂಟು ಕಂಡ ಕೂಡಲೇ ಹೋಗಿ ತೋರಿಸಿ. ಕಾಯುವ ಬೆಂಚಿನ ಮೇಲೆ ಒಬ್ಬರೇ ಕೂರಬೇಡಿ. ಎಲ್ಲ ಗಂಟೂ ಕೊಲ್ಲುವುದಿಲ್ಲ.

ಆದರೆ ಮಾಯಕೊಂಡದ ಆ ಹೆಂಗಸು ಕೇಳಿದ್ದು ಬೇರೆ. "ಆಪರೇಷನ್ ಹೊತ್ತಿನಾಗ ಲಿಂಗ ಏನ್ ಮಾಡಿದ್ರಿ ಟೀಚರ್? ನಮ್ಮತ್ತೆ ಅದಕ್ಕೇ ಬ್ಯಾಡ ಅಂತ ಕುಂತಾರ. ಮೈ ಬಿಟ್ಟು ಹೋದ್ರೆ ಹುಡುಗಿ ಉಳಿಯಲ್ಲ ಅಂತಾರ."

"ತುರುಬಿನಲ್ಲಿ ಕಟ್ಟಿದ್ವಿ, ಏನೂ ಆಗಲಿಲ್ಲ" ಎಂದೆ. ಅವರು ಆ ಉಪಾಯವನ್ನು ಬಂಗಾರದ ಹಾಗೆ ಜೋಪಾನವಾಗಿ ತೆಗೆದುಕೊಂಡು ಹೋದರು. ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಏನೂ ಆಗಲಿಲ್ಲ ಎಂದು ನನಗೆ ಗೊತ್ತಿದೆಯೇ? ಒಂದು ವೇಳೆ ಲಿಂಗ ಬಿದ್ದು ಭಿನ್ನವಾಗಿದ್ದರೆ, ಆದರೂ ನಾನು ಬದುಕಿದ್ದೇನೆ ಎಂಬುದಲ್ಲವೇ ಆ ಹೆಂಗಸಿನ ಅತ್ತೆಗೆ ಹೇಳಬೇಕಾದ ಮಾತು? ಆಗಿಲ್ಲದಿದ್ದರೆ, ಹಾಗೆ ಹೇಳಿ ಅವರ ಮನೆಯಲ್ಲಿ ಬೆಂಕಿ ಹಚ್ಚಿದಂತಾಗುವುದಿಲ್ಲವೇ?

ಮನೆಗೆ ಬಂದು ಅವ್ವನನ್ನು ಕೇಳಿದೆ. ಇಷ್ಟು ವರ್ಷದ ಮೇಲೆ ಅವಳು ಒಂದು ಹೊಸ ವಿಷಯ ಹೇಳಿದಳು, ಹೊಸದೆಂದು ಅವಳಿಗೇ ತಿಳಿಯದೆ. "ನಾನು ಕಣ್ಮುಚ್ಚಿ ಜಪ ಮಾಡ್ತಾ ಕುಂತಿದ್ದೆ. ಕಣ್ಬಿಟ್ರೆ ಬೆಂಚಿನ ಮ್ಯಾಲೆ ಅತ್ತಿಗೆಮ್ಮ ಇರ್ಲಿಲ್ಲ. ನಿನ್ನ ಹೊರಗೆ ತರೋ ಹೊತ್ತಿಗೆ ಓಡೋಡಿ ಬಂದ್ರು, ಸೀರೆಯೆಲ್ಲ ಬೆವತು. ಮಠಕ್ಕೆ ಹೋಗಿದ್ದೆ, ಅಯ್ಯನವರನ್ನ ಕಂಡು ಬಂದೆ ಅಂದ್ರು. ನನ್ನ ಹತ್ರ ಕರಡಿಗೆ ಇಸ್ಕೊಂಡು ನಿನ್ನ ಕೊರಳಿಗೆ ಕಟ್ಟಿದ್ದೂ ಅವರೇ. ಲಿಂಗ ನನ್ನ ಕೈಲಿ ಕೊಡ್ಲಿಲ್ಲ."

ಸಿಸ್ಟರ್ ಊರು ಬಿಟ್ಟು ಎಷ್ಟೋ ಕಾಲವಾಯಿತು, ಹುಟ್ಟಿದ ಕೂಸುಗಳಿಗೆ ಲಿಂಗ ಕಟ್ಟುತ್ತಿದ್ದ ಮಠದ ಅಯ್ಯನವರು ಲಿಂಗೈಕ್ಯರಾದರು. ಉಳಿದವಳು ಅತ್ತೆ ಒಬ್ಬಳೇ. ನಾನು ಊಹಿಸುತ್ತಿರುವುದು ನಿಜವಾಗಿದ್ದರೆ, ಬಾಟಲಿಯ ಉತ್ತರಕ್ಕೆ ನಾವೆಲ್ಲ ಕಾಯುತ್ತಿದ್ದ ಆ ದಿನಗಳಲ್ಲಿ ಅವಳಿಗೆ ಮಾತ್ರ ಇನ್ನೊಂದು ಉತ್ತರ ಮೊದಲೇ ಸಿಕ್ಕಿತ್ತು. ಅವಳು ನಂಬಿದ್ದ ಲೆಕ್ಕದಲ್ಲಿ ನಾನು ಉಳಿಯುವಂತಿರಲಿಲ್ಲ. ಆದರೂ ದಿನಾ ನನಗೆ ಗಂಜಿ ಕಾಯಿಸಿ ಕೊಟ್ಟಳು. ಊಹೆ ಸುಳ್ಳಾಗಿದ್ದರೆ, ಅವಳು ನಿಜಕ್ಕೂ ಮಠಕ್ಕೆ ಹೋಗಿ ಕೈಮುಗಿದು ಬಂದಿದ್ದಳು, ನಾನು ಈಥರಿನ ಕನಸೊಂದನ್ನು ಹಿಡಿದುಕೊಂಡು ಅವಳ ಮುಪ್ಪಿನಲ್ಲಿ ಅವಳನ್ನು ಕಾಡುತ್ತಿದ್ದೇನೆ.

ಮುಂದಿನ ಭಾನುವಾರ ಹರಿಹರಕ್ಕೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. "ಬಾರವ್ವಾ, ಏನ್ ಬಿಸಿಲಾಗ ಬಂದೆ?" ಎಂದು ಮಜ್ಜಿಗೆ ತರಲು ಏಳಹೊರಟಳು. ನಾನು ಅವಳ ಕೈ ಹಿಡಿದು ಕೂರಿಸಿದೆ. ಈ ಸಲ ಒರೆಸಲು ಸ್ಲೇಟಿರಲಿಲ್ಲ, ಬಾಯಿಂದಲೇ ಕೇಳಿದೆ. ಅವಳು ಕೈಯಲ್ಲಿದ್ದ ಬತ್ತಿಯನ್ನು ಹೊಸೆಯುತ್ತಲೇ ಇದ್ದಳು, ಅದು ದಾರದಷ್ಟು ಸಣ್ಣಗಾಗುವವರೆಗೆ. ಉತ್ತರ ಇನ್ನೂ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ಆ ಬೆಂಚಿಂದ ಎದ್ದು ಮಠಕ್ಕೆ ಹೋದಾಗ ನಿನ್ನ ಕೈಯಾಗ ಏನಿತ್ತು?"